ಇಳಿತದ ಹೊತ್ತಿಗೆ ಕುರುಡಿ ಎಲ್ಲಿರುತ್ತದೆ?

ಕುಂದಾಪುರದ ಹೊಳೆಯಲ್ಲಿ ಗಾಳ ಹಾಕುವವರು ಮನೆಯಿಂದ ಹೊರಡುವ ಮುಂಚೆ ಪಂಚಾಂಗ ನೋಡುತ್ತಾರೆ. ತಿಥಿ ಗೊತ್ತಾದರೆ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಹೆಚ್ಚುಕಡಿಮೆ ತಿಳಿದಂತೆಯೇ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಉಬ್ಬರವೂ ಅಷ್ಟಷ್ಟೇ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿ, ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಹರಿವಿಗೂ ಬಲ ಬರುತ್ತದೆ. ಅಷ್ಟಮಿಯ ಹೊತ್ತಿಗೆ ನೀರಿನ ಓಟ ಮಂದ.

ನನ್ನ ಗೆಳೆಯ ಜನವರಿಯ ಹುಣ್ಣಿಮೆಯ ಮರುದಿನವನ್ನು ಗೊತ್ತುಮಾಡಿದ್ದು ಇದೇ ಲೆಕ್ಕದಿಂದ. ಬೆಳಗಿನ ಜಾವ ನೀರು ಪೂರಾ ಇಳಿದಿರುತ್ತದೆ, ನಡುಮಧ್ಯಾಹ್ನಕ್ಕೆ ಉಬ್ಬರ ತುಂಬುತ್ತದೆ, ಸಂಜೆಯವರೆಗೆ ಮತ್ತೆ ಇಳಿತ. ಏರುವ ನೀರಿನ ಒಂದು ಪಾಳಿ, ಇಳಿಯುವ ನೀರಿನ ಇನ್ನೊಂದು ಪಾಳಿ, ಎರಡೂ ಹಗಲಿನಲ್ಲೇ ಸಿಗುತ್ತವೆ. ಅವನು ಗಂಗೊಳ್ಳಿಯವನು. ದೋಣಿಯ ಎಂಜಿನ್ ರಿಪೇರಿ ಅವನ ಕಸುಬು. ಅಪ್ಪ, ಅಜ್ಜ ಬಲೆಯಲ್ಲೇ ಬದುಕು ಕಟ್ಟಿದವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಪುಸ್ತಕದಲ್ಲಿ ಓದಿದ ಉಬ್ಬರ ಇಳಿತವನ್ನು ಮೀನಿನ ಕಣ್ಣಿನಿಂದ ನೋಡುವುದನ್ನು ನನಗೆ ಕಲಿಸಿದವನು ಅವನು.

ನಾವು ಹೋದದ್ದು ಪಂಚಗಂಗಾವಳಿಗೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಘಟ್ಟದ ಕಡೆಯಿಂದ ಇಳಿದು ಇಲ್ಲಿ ಕೂಡುತ್ತವೆ. ಬಡಗಣ ದಡದಲ್ಲಿ ಗಂಗೊಳ್ಳಿ, ತೆಂಕಣ ದಡದಲ್ಲಿ ಕುಂದಾಪುರದ ಕೋಡಿ, ನಡುವಿನ ಅಳಿವೆಯಲ್ಲಿ ಅರಬ್ಬಿ ಸಮುದ್ರ. ಅಳಿವೆಯಿಂದ ಒಳಗೆ ಬಂದರೆ ಹಿನ್ನೀರು ಕವಲು ಕವಲಾಗಿ ಒಡೆದು ಕುದ್ರುಗಳನ್ನು, ಅಂದರೆ ನಡುಗಡ್ಡೆಗಳನ್ನು, ಸುತ್ತುತ್ತದೆ. ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಇರುವುದೂ ಈ ನೀರಿನ ನಡುವೆಯೇ. ಕುದ್ರುಗಳ ಅಂಚಿಗೆ, ತೋಡುಗಳ ಬಾಯಿಗೆ ಕಾಂಡ್ಲ (ಮ್ಯಾಂಗ್ರೋವ್) ಮರಗಳು. ಲೂರ್ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕರಾವಳಿಯಲ್ಲಿ ಬಹಳ ಇಲ್ಲ.

ವಾಸನೆಯಿಲ್ಲದ ಎರೆ

ಲೂರ್ ಎಂದರೇನು ಎಂದು ಮೊದಲು ಹೇಳಬೇಕು. ಸಾಮಾನ್ಯ ಗಾಳಕ್ಕೆ ಎರೆಹುಳ, ಸಿಗಡಿ, ಮೀನಿನ ತುಂಡು ಚುಚ್ಚುತ್ತೇವೆ. ಗಾಳ ನೀರಿಗಿಳಿದ ಮೇಲೆ ವಾಸನೆಯೇ ಮೀನನ್ನು ಕರೆದು ತರುತ್ತದೆ, ನಾವು ಕೂತು ಕಾಯುತ್ತೇವೆ. ಲೂರ್‌ನಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಮರ, ಪ್ಲಾಸ್ಟಿಕ್, ರಬ್ಬರ್ ಅಥವಾ ಲೋಹದಲ್ಲಿ ಮಾಡಿದ ಕೃತಕ ಮೀನು ಅದು. ಅದಕ್ಕೆ ಜೀವ ಬರುವುದು ಎಸೆದು, ಎಳೆದು, ನಿಲ್ಲಿಸಿ, ಮತ್ತೆ ಎಳೆಯುವ ಕೈಯಿಂದ. ಬೇಟೆಯಾಡುವ ಮೀನಿಗೆ ಅದು ಗಾಯಗೊಂಡ ಸಣ್ಣ ಮೀನಿನಂತೆ ಕಾಣಬೇಕು, ಅದರ ನಡುಕ ನೀರಿನಲ್ಲಿ ಹಾಗೆಯೇ ಹರಡಬೇಕು.

ಮೀನಿನ ಎರಡೂ ಪಕ್ಕಗಳಲ್ಲಿ ಕಿವಿರಿನ ಹಿಂದಿನಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದೆ. ಮಾರುಕಟ್ಟೆಯಲ್ಲಿ ಮೀನು ಕೊಳ್ಳುವಾಗ ಗಮನಿಸಿ ನೋಡಿ. ಪಾರ್ಶ್ವರೇಖೆ ಎಂಬ ಈ ಗೆರೆಯ ಉದ್ದಕ್ಕೂ ನೀರಿನ ಅತಿ ಸಣ್ಣ ಅಲುಗಾಟವನ್ನೂ ಹಿಡಿಯುವ ಸಂವೇದಕ ಅಂಗಗಳಿವೆ. ಕತ್ತಲಲ್ಲಿ, ರಾಡಿ ನೀರಿನಲ್ಲಿ ಮೀನು ದಾರಿ ಕಂಡುಕೊಳ್ಳುವುದು, ಬೇಟೆ ಹಿಡಿಯುವುದು ಬಹುಮಟ್ಟಿಗೆ ಇದರ ನೆರವಿನಿಂದ. ಹತ್ತಿರ ಬಂದ ಮೇಲಷ್ಟೇ ಕಣ್ಣಿನ ಕೆಲಸ. ಲೂರ್ ಮಾಡುವವರ ಜಾಣತನವೆಲ್ಲ ಈ ಎರಡು ಇಂದ್ರಿಯಗಳನ್ನು ನಂಬಿಸುವುದರಲ್ಲಿದೆ.

ಇದರ ಒಂದು ಪ್ರಸಿದ್ಧ ಕಥೆ ಫಿನ್ಲೆಂಡಿನದು. ಲೌರಿ ರಾಪಲಾ ಎಂಬ ಬಡ ಮೀನುಗಾರ ಸರೋವರದಲ್ಲಿ ದೋಣಿ ನಡೆಸುತ್ತ ಒಂದು ಸಂಗತಿ ಕಂಡುಕೊಂಡ: ದೊಡ್ಡ ಮೀನು ಹಿಂಡಿನತ್ತ ನುಗ್ಗಿದಾಗ ಆರಿಸಿಕೊಳ್ಳುವುದು ಓರೆಯಾಗಿ ತೊನೆಯುತ್ತ ಈಜುವ, ದುರ್ಬಲವಾದ ಮೀನನ್ನು. 1936ರಲ್ಲಿ ಅವನು ಬೆಂಡನ್ನು ಚಮ್ಮಾರನ ಚಾಕುವಿನಿಂದ ಕೆತ್ತಿ, ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿ ಮೇಲೆ ಲೇಪಿಸಿ, ಹಾಗೆಯೇ ತೊನೆಯುವ ಮೀನೊಂದನ್ನು ಮಾಡಿದ. ಇಂದು ನಮ್ಮೂರಿನ ಹುಡುಗರ ಪೆಟ್ಟಿಗೆಗಳಲ್ಲೂ ಅವನ ಹೆಸರಿನ ಲೂರ್‌ಗಳಿವೆ.

ಗೆಳೆಯನ ಪೆಟ್ಟಿಗೆಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮಿನ್ನೊ: ನಾಲ್ಕು ಇಂಚಿನ ಗಟ್ಟಿ ಪ್ಲಾಸ್ಟಿಕ್ ಮೀನು, ಮೂತಿಗೆ ಸಣ್ಣ ನಾಲಗೆ. ಎಳೆದಾಗ ಆ ನಾಲಗೆ ನೀರನ್ನು ಸೀಳಿ ಲೂರನ್ನು ಕೆಳಕ್ಕೆ ಒಯ್ಯುತ್ತದೆ, ಮೈಯನ್ನು ಆಚೀಚೆ ತೊನೆಸುತ್ತದೆ. ಎರಡನೆಯದು ಪಾಪರ್: ನೀರಿನ ಮೇಲೇ ತೇಲುವಂಥದ್ದು, ಮೂತಿ ಒಳಕ್ಕೆ ಬಗ್ಗಿರುತ್ತದೆ, ಜಗ್ಗಿದರೆ ‘ಪಕ್’ ಎಂದು ನೀರು ಚಿಮ್ಮಿಸುತ್ತದೆ. ಮೂರನೆಯದು ಮೆತ್ತನೆಯ ರಬ್ಬರ್ ಮೀನು. ಸೀಸದ ತಲೆಯಿರುವ ಒಂಟಿ ಗಾಳಕ್ಕೆ ಅದನ್ನು ಪೋಣಿಸಿದರೆ ತಳದವರೆಗೆ ಮುಳುಗಿ ಬಾಲ ಬಡಿಯುತ್ತ ಬರುತ್ತದೆ. ಹತ್ತು ಗ್ರಾಂ ಆಸುಪಾಸಿನ ಸೀಸದ ತಲೆ ನಮ್ಮ ಹಿನ್ನೀರಿಗೆ ಒಪ್ಪುತ್ತದೆ. ಹರಿವು ಬಿರುಸಾದರೆ ಸ್ವಲ್ಪ ಭಾರದ್ದು ಬೇಕು.

ಏಳು ಅಡಿಯ ಹಗುರ ರಾಡ್, ತೆಳ್ಳನೆಯ ಹೆಣೆದ ದಾರ ಸುತ್ತಿದ ಸ್ಪಿನ್ನಿಂಗ್ ರೀಲ್. ದಾರದ ತುದಿಗೆ ಒಂದು ಮಾರಿನಷ್ಟು ದಪ್ಪ ಫ್ಲೋರೋಕಾರ್ಬನ್ ಲೀಡರ್. ಈ ಲೀಡರ್ ಇಲ್ಲದಿದ್ದರೆ ನಡೆಯುವುದಿಲ್ಲ. ಕುರುಡಿ ಎಂಬ ಬೇಟೆ ಮೀನಿನ ಕಿವಿರು ಮುಚ್ಚಳದ ಅಂಚು ಚೂರಿಯಂತೆ ಹರಿತ, ಸೇತುವೆಯ ಕಂಬಕ್ಕೆ ಅಂಟಿದ ಚಿಪ್ಪು ಅದಕ್ಕಿಂತ ಹರಿತ. ಹೆಣೆದ ದಾರ ಒಮ್ಮೆ ಉಜ್ಜಿದರೆ ಕಡಿದೇಹೋಗುತ್ತದೆ.

ಹೊರಡುವ ಮುಂಚೆ ಗೆಳೆಯ ದೋಣಿಯ ಅಂಚಿಗೆ ಕೂತು ಇಕ್ಕಳದಿಂದ ಒಂದೊಂದೇ ಗಾಳದ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದ. ಹಿಮ್ಮುಳ್ಳು ಇಲ್ಲದ ಗಾಳ ಮೀನಿನ ಬಾಯಿಯಿಂದ ಸಲೀಸಾಗಿ ಕಳಚುತ್ತದೆ, ಮನುಷ್ಯನ ಬೆರಳಿಗೆ ಚುಚ್ಚಿದರೂ ಹಾಗೆಯೇ. ದಾರ ಸದಾ ಬಿಗಿಯಾಗಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಬಿಡಬೇಕಾದ ಮೀನನ್ನು ಗಾಯವಿಲ್ಲದೆ ಬಿಡಬೇಕು ಎಂಬುದು ಅವನ ಹಟ, ಆ ಹಟಕ್ಕೆ ಕಾರಣವಿದೆ. ಮುಂದೆ ಹೇಳುತ್ತೇನೆ.

ಏರುವ ನೀರು, ಸೇತುವೆಯ ನೆರಳು

ಬೆಳಕು ಹರಿಯುವಾಗ ನಾವು ಹೆದ್ದಾರಿಯ ಸೇತುವೆಯ ಬುಡದಲ್ಲಿದ್ದೆವು. ಇಳಿತ ಮುಗಿದು ನೀರು ನಿಂತಿತ್ತು. ಕೆಸರು ದಿಬ್ಬಗಳ ಮೇಲೆ ಬೆಳ್ಳಕ್ಕಿಗಳು, ಮೊಣಕಾಲುದ್ದ ನೀರಿನಲ್ಲಿ ಚಿಪ್ಪು ಆಯುವ ಹೆಂಗಸರು. ನಾನು ರಾಡ್ ಎತ್ತಿದ್ದನ್ನು ನೋಡಿ ಗೆಳೆಯ, “ಅವ್ಸರ ಮಾಡ್ಬೇಡ ಮಾರಾಯ, ನೀರ್ ಹರುಕ್ ಶುರು ಆಯ್ಲಿ” ಎಂದ. ನಿಂತ ನೀರಿನಲ್ಲಿ ಬೇಟೆ ಮೀನು ಚುರುಕಾಗಿರುವುದು ಕಡಿಮೆ. ಹರಿವು ಸಣ್ಣ ಮೀನುಗಳನ್ನು ಹೊತ್ತು ತರಬೇಕು, ಆಗ ದೊಡ್ಡದು ಬಾಯಿ ತೆರೆಯುತ್ತದೆ.

ಸ್ವಲ್ಪ ಹೊತ್ತಿಗೆ ಒಂದು ತೆಂಗಿನ ಸೋಗೆ ಮೇಲ್ಮುಖವಾಗಿ ತೇಲತೊಡಗಿತು. ಸಮುದ್ರ ಒಳಗೆ ಬರುತ್ತಿತ್ತು. ಉಪ್ಪುನೀರು ಸಿಹಿನೀರಿಗಿಂತ ಭಾರ. ಆದ್ದರಿಂದ ಉಬ್ಬರ ಬರುವಾಗ ಅದು ತಳ ಹಿಡಿದು ಮೊದಲು ನುಗ್ಗುತ್ತದೆ, ಹೊಳೆಯ ನೀರು ಮೇಲೆ ಉಳಿಯುತ್ತದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಇದು ಸ್ಪಷ್ಟ. ಮೇಲೆ ಹಸಿರು ಮಿಶ್ರಿತ ಹೊಳೆನೀರು, ಅಡಿಯಲ್ಲಿ ತಿಳಿಯಾದ ಉಪ್ಪುನೀರು. ಸಮುದ್ರದ ಮೀನುಗಳು ಈ ಅಡಿನೀರಿನ ಜೊತೆಗೇ ಹೊಳೆಯ ಒಳಕ್ಕೆ ಬರುತ್ತವೆ. ಅದಕ್ಕೇ ಬೆಳಗಿನ ಪಾಳಿಗೆ ತಳಕ್ಕೆ ಇಳಿಯುವ ರಬ್ಬರ್ ಮೀನನ್ನೇ ಕಟ್ಟಿದೆವು.

ಸೇತುವೆಯ ಕಂಬಕ್ಕೆ ಹರಿವು ಬಡಿದಾಗ ಕಂಬದ ಹಿಂದೆ ಸುಳಿಯುಂಟಾಗುತ್ತದೆ, ಮುಂದೆಯೂ ಒಂದು ಗೇಣಿನಷ್ಟು ಜಾಗದಲ್ಲಿ ನೀರು ತಡೆದು ನಿಲ್ಲುತ್ತದೆ. ಬೇಟೆ ಮೀನು ಶಕ್ತಿ ವ್ಯರ್ಥ ಮಾಡುವುದಿಲ್ಲ. ಬಿರುಸಿನ ಹರಿವಿನಲ್ಲಿ ಈಜುತ್ತ ನಿಲ್ಲುವ ಬದಲು ಆ ನಿಂತ ನೀರಿನಲ್ಲಿ ಮರೆಯಾಗಿದ್ದು, ಪಕ್ಕದಲ್ಲಿ ಹಾದುಹೋಗುವ ಸಿಗಡಿ, ಸಣ್ಣ ಮೀನುಗಳ ಮೇಲೆ ಎರಗುತ್ತದೆ. ಆದ್ದರಿಂದ ಕಂಬಕ್ಕಿಂತ ಮೇಲಕ್ಕೆ, ಹರಿವು ಬರುವ ದಿಕ್ಕಿಗೆ ಲೂರ್ ಎಸೆದು, ಹರಿವೇ ಅದನ್ನು ಕಂಬದ ಪಕ್ಕಕ್ಕೆ ತರುವಂತೆ ಬಿಡಬೇಕು. ದಾರದ ಮೇಲೆ ಒಂದು ಬೆರಳು ಇಟ್ಟುಕೊಂಡರೆ ಸೀಸದ ತಲೆ ತಳಕ್ಕೆ ತಾಗಿದ್ದು ಗೊತ್ತಾಗುತ್ತದೆ. ಮರಳಾದರೆ ಮೆತ್ತನೆಯ ತಟ್ಟು, ಚಿಪ್ಪಾದರೆ ಟಕ್ಕೆನ್ನುವ ತಟ್ಟು.

ಅಲ್ಲಿ ಸಿಕ್ಕಿದ್ದು ಕೆಂಬೇರಿ. ಕಚ್ಚಿದ ಕೂಡಲೇ ಅದು ಕಂಬದ ಬುಡಕ್ಕೆ ನುಗ್ಗುತ್ತದೆ. ಆ ಮೊದಲ ಕ್ಷಣದಲ್ಲಿ ದಾರ ಬಿಟ್ಟರೆ ಮೀನು ಹೋಯಿತು. ಗೆಳೆಯ ರಾಡನ್ನು ಪಕ್ಕಕ್ಕೆ ಬಾಗಿಸಿ ಹಿಡಿದು ಅದನ್ನು ತೆರೆದ ನೀರಿಗೆ ಎಳೆದುಕೊಂಡ. ತಾಮ್ರದ ಬಣ್ಣದ ಮೈ, ಬಾಯಲ್ಲಿ ಕೋರೆಯಂಥ ಹಲ್ಲು, ಸುಮಾರು ಒಂದು ಕಿಲೊ. ಹಿನ್ನೀರಿನಲ್ಲಿ ಸಿಗುವ ಕೆಂಬೇರಿಗಳು ಹೆಚ್ಚಾಗಿ ಎಳೆಯವು. ಮರಿಗಳು ಕಾಂಡ್ಲದ ಬೇರುಗಳ ನಡುವೆ ಬೆಳೆದು, ದೊಡ್ಡವಾದ ಮೇಲೆ ಕಡಲಿನ ಬಂಡೆಸಾಲುಗಳಿಗೆ ಹೋಗಿ ಅಲ್ಲೇ ಮೊಟ್ಟೆಯಿಡುತ್ತವೆ. ಹಾಗಾಗಿ ಹೊಳೆಯಲ್ಲಿ ಸಣ್ಣ ಕೆಂಬೇರಿಗಳನ್ನು ಬರಿದುಮಾಡಿದರೆ ಕಡಲಿನ ದೊಡ್ಡ ಕೆಂಬೇರಿಗೂ ಕುತ್ತು. ಈ ಒಂದನ್ನು ಊಟಕ್ಕೆಂದು ಐಸಿನ ಪೆಟ್ಟಿಗೆಗೆ ಹಾಕಿದೆವು. ಆಮೇಲೆ ಬಂದ ಸಣ್ಣವನ್ನೆಲ್ಲ ನೀರಿಗೆ ಬಿಟ್ಟೆವು.

ಗಂಡಾಗಿ ಬೆಳೆದು ಹೆಣ್ಣಾಗುವ ಮೀನು

ಉಬ್ಬರ ತುಂಬಿ ನೀರು ನಿಂತಾಗ ಕುದ್ರುವಿನ ಅಂಚಿಗೆ ದೋಣಿ ಕಟ್ಟಿ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಗೆಳೆಯನ ಮನೆಯಿಂದ ಬಂದ ಒಣ ಸಿಗಡಿ ಚಟ್ನಿ. ಬೀಸುಬಲೆ ಹೆಗಲಿಗೆ ಹಾಕಿಕೊಂಡು ಬಂದ ಅಜ್ಜನೊಬ್ಬ ನಮ್ಮ ಪೆಟ್ಟಿಗೆಯೊಳಗೆ ಇಣುಕಿ, ಬಣ್ಣಬಣ್ಣದ ಲೂರ್‌ಗಳನ್ನು ಒಂದೊಂದಾಗಿ ಎತ್ತಿ ನೋಡಿ, “ಕುರ್ಡಿ ಸಿಕ್ತಾ?” ಎಂದು ಕೇಳಿದರು. ಈ ನೀರಿನಲ್ಲಿ ಎಲ್ಲರೂ ಕೇಳುವುದು ಅದೊಂದನ್ನೇ.

ಕುರುಡಿಯನ್ನು ಪೇಟೆಯವರು ಸೀಬಾಸ್ ಎನ್ನುತ್ತಾರೆ, ಆಸ್ಟ್ರೇಲಿಯಾದಲ್ಲಿ ಅದೇ ಬಾರಮುಂಡಿ. ಪರ್ಷಿಯನ್ ಕೊಲ್ಲಿಯ ಕಡೆಯಿಂದ ಆಸ್ಟ್ರೇಲಿಯಾದ ಉತ್ತರ ತೀರದವರೆಗೆ ಅದರ ನೆಲೆ. ಬೆಳ್ಳಿಯ ಮೈ, ಚಪ್ಪಟೆ ಹಣೆ, ಮೇಲ್ದವಡೆಗಿಂತ ಮುಂದೆ ಚಾಚಿದ ಕೆಳದವಡೆ, ದುಂಡನೆಯ ಬಾಲ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಕಣ್ಣು ಕೆಂಡದ ಬಣ್ಣಕ್ಕೆ ಹೊಳೆಯುತ್ತದೆ. ಮಬ್ಬು ಬೆಳಕಿನಲ್ಲಿ ಬೇಟೆಯಾಡಲು ಒಗ್ಗಿದ ಕಣ್ಣು ಅದು.

ಆದರೆ ಕುರುಡಿಯ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಬೇರೆ. ಬಹುಪಾಲು ಕುರುಡಿಗಳು ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತವೆ. ಮೂರು ನಾಲ್ಕು ವರ್ಷಕ್ಕೆ ಗಂಡು. ಆರರಿಂದ ಎಂಟು ವರ್ಷದ ಹೊತ್ತಿಗೆ, ಮೈ ಸುಮಾರು ಮೂರು ಅಡಿ ಮುಟ್ಟುವಾಗ, ಅದೇ ಮೀನು ಹೆಣ್ಣಾಗಿ ಬದಲಾಗುತ್ತದೆ. ಅಂದರೆ ಹೊಳೆಯಲ್ಲಿರುವ ದೊಡ್ಡ ಕುರುಡಿಗಳೆಲ್ಲ ಹೆಚ್ಚುಕಡಿಮೆ ತಾಯಂದಿರೇ. ಒಂದು ದೊಡ್ಡ ಹೆಣ್ಣಿನ ಹೊಟ್ಟೆಯಲ್ಲಿ ಹತ್ತಾರು ಲಕ್ಷ ಮೊಟ್ಟೆ. ಮೊಟ್ಟೆ ಒಡೆಯಲು ಉಪ್ಪುನೀರು ಬೇಕಾದ್ದರಿಂದ ಮಳೆಗಾಲದ ಹೊತ್ತಿಗೆ ಅವು ಅಳಿವೆಯತ್ತ ಇಳಿಯುತ್ತವೆ. ಮರಿಗಳು ಉಬ್ಬರದ ಜೊತೆ ಒಳಕ್ಕೆ ಬಂದು ಕಾಂಡ್ಲದ ತೋಡುಗಳಲ್ಲಿ, ಗದ್ದೆಯಂಚಿನ ಆಳವಿಲ್ಲದ ನೀರಿನಲ್ಲಿ ಅಡಗಿ ಬೆಳೆಯುತ್ತವೆ. ಸ್ವಲ್ಪ ದೊಡ್ಡವಾದರೆ ಹೊಳೆಯ ಮೇಲಕ್ಕೆ, ಸಿಹಿನೀರಿಗೂ ಹತ್ತುತ್ತವೆ. ಪ್ರಾಯಕ್ಕೆ ಬಂದ ಮೇಲೆ ಮತ್ತೆ ಅಳಿವೆಗೆ. ಒಂದೇ ಮೀನಿಗೆ ಕಡಲು, ಕಾಂಡ್ಲ, ಹೊಳೆ ಮೂರೂ ಬೇಕು.

ಅತಿ ದೊಡ್ಡ ಮೀನು ಹಿಡಿದು ಫೋಟೊ ತೆಗೆಸಿಕೊಳ್ಳುವುದು ಗಾಳದವರಿಗೆಲ್ಲ ಆಸೆ. ಆ ಅತಿ ದೊಡ್ಡ ಮೀನೇ ನಾಳೆಯ ಮರಿಗಳ ತಾಯಿ. ಫೋಟೊ ತೆಗೆಯಿರಿ, ಮೀನನ್ನು ಬಿಡಿ ಎಂದು ಗೆಳೆಯ ಹೊಸ ಹುಡುಗರಿಗೆ ಹೇಳುವುದು ಇದಕ್ಕೇ. ಹಿಮ್ಮುಳ್ಳನ್ನು ಒತ್ತಿಹಾಕುವುದೂ ಇದಕ್ಕೇ.

ತೋಡಿನ ಬಾಯಲ್ಲಿ

ಮಧ್ಯಾಹ್ನ ಹೊರಳುತ್ತಿದ್ದಂತೆ ದೋಣಿಯನ್ನು ಒಂದು ಕಾಂಡ್ಲದ ತೋಡಿನ ಬಾಯಿಗೆ ತಂದೆವು. ಎಂಜಿನ್ ದೂರದಲ್ಲೇ ನಿಲ್ಲಿಸಿ ಗೆಳೆಯ ಹುಟ್ಟು ಹಾಕಿದ. ದೋಣಿಯೊಳಗೆ ಕಾಲು ಬಡಿದರೂ ಸದ್ದು ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಸದ್ದಿನ ವೇಗ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಉಬ್ಬರದಲ್ಲಿ ಕಾಂಡ್ಲದ ಬೇರುಗಳೆಲ್ಲ ಮುಳುಗಿರುತ್ತವೆ. ಮರಿ ಮೀನು, ಸಿಗಡಿ, ಏಡಿ ಎಲ್ಲ ಬೇರುಗಳ ಒಳಗೆ ಮೇಯುತ್ತ ಸುರಕ್ಷಿತವಾಗಿರುತ್ತವೆ. ನೀರು ಇಳಿಯತೊಡಗಿದರೆ ಅವೂ ಹೊರಗೆ ಬರಲೇಬೇಕು, ಇಲ್ಲದಿದ್ದರೆ ಕೆಸರಿನ ಮೇಲೆ ಉಳಿದುಬಿಡುತ್ತವೆ. ಎಕರೆಗಟ್ಟಲೆ ಕಾಂಡ್ಲದಿಂದ ಬಸಿಯುವ ನೀರೆಲ್ಲ ಎರಡು ಮಾರು ಅಗಲದ ತೋಡಿನ ಬಾಯಿಂದಲೇ ಹೊರಡಬೇಕು. ತೋಡಿನ ನೀರು ಹೊಳೆಯ ನೀರನ್ನು ಸೇರುವಲ್ಲಿ ಎರಡು ಬಣ್ಣಗಳ ನಡುವೆ ಒಂದು ಗೆರೆ ಮೂಡುತ್ತದೆ. ಕುರುಡಿ ಇಳಿತದ ಹೊತ್ತಿಗೆ ಇರುವುದು ಆ ಗೆರೆಯ ಅಂಚಿನಲ್ಲಿ, ಮೊದಲ ಬೇರಿನ ಅಥವಾ ಬಿದ್ದ ಮರದ ನೆರಳಿನಲ್ಲಿ, ತೋಡಿನ ಕಡೆಗೆ ಮೂತಿ ಮಾಡಿಕೊಂಡು. ಈ ಲೇಖನದ ತಲೆಬರಹದ ಪ್ರಶ್ನೆಗೆ ನನ್ನ ಗೆಳೆಯನ ಉತ್ತರ ಇದು. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ನೀರು ಹೊರಳಿತು. ಮೊದಲು ಎಲೆಗಳು, ನೊರೆ, ಆಮೇಲೆ ಪಯ್ಯೆ ಮೀನಿನ ಮರಿಗಳ ಸಣ್ಣ ಹಿಂಡು. ಒಮ್ಮೆಲೇ ಆ ಹಿಂಡು ಚದುರಿ ನೀರಿನಿಂದ ಮೇಲಕ್ಕೆ ಸಿಡಿಯಿತು. ಅಡಿಯಿಂದ ‘ಟೊಪ್’ ಎಂಬ ಸದ್ದು. ಕುರುಡಿ ಬೇಟೆಯನ್ನು ಹಲ್ಲಿನಿಂದ ಹಿಡಿಯುವುದಿಲ್ಲ. ದೊಡ್ಡ ಬಾಯನ್ನು ಕ್ಷಣಾರ್ಧದಲ್ಲಿ ತೆರೆದಾಗ ಒಳಗುಂಟಾಗುವ ಒತ್ತಡದ ಕೊರತೆಗೆ ನೀರಿನೊಡನೆ ಬೇಟೆಯೂ ಒಳಕ್ಕೆ ಸೆಳೆದುಹೋಗುತ್ತದೆ. ಕೇಳಿಸಿದ ಸದ್ದು ಆ ಬಾಯಿಯದು.

“ಈಗ್ ಹಾಕ್, ಬೇರಿನ್ ಬುಡಕ್ಕೇ ಹಾಕ್” ಎಂದ ಗೆಳೆಯ, ಪಿಸುದನಿಯಲ್ಲಿ.

ನನ್ನ ಮಿನ್ನೊ ಬೇರಿನಿಂದ ಗೇಣುದ್ದ ಈಚೆಗೆ ಬಿತ್ತು. ತರಂಗಗಳು ಅಳಿಯುವವರೆಗೆ ಬಿಟ್ಟೆ. ರಾಡಿನ ತುದಿಯಿಂದ ಎರಡು ಸಣ್ಣ ಜಗ್ಗು, ಮತ್ತೆ ನಿಲುಗಡೆ. ಲೂರ್ ಆಡಿಸುವುದರಲ್ಲಿ ಎಳೆತಕ್ಕಿಂತ ನಿಲುಗಡೆಯೇ ಮುಖ್ಯ. ಬಳಲಿದ ಮೀನು ಹೀಗೆಯೇ ಒದ್ದಾಡಿ ಒದ್ದಾಡಿ ನಿಲ್ಲುತ್ತದೆ. ಇನ್ನೊಂದು ಜಗ್ಗು. ನಿಂತ ಲೂರಿನ ಅಡಿಯಲ್ಲಿ ನೀರು ಹಳದಿಯಾಗಿ ಮಿಂಚಿತು, ರಾಡ್ ಕೈಯಿಂದ ಕಿತ್ತುಹೋಗುವಂತೆ ಬಾಗಿತು, ರೀಲಿನಿಂದ ದಾರ ಚೀರುತ್ತ ಹೊರಟಿತು.

ಎರಡನೇ ಓಟದಲ್ಲಿ ಕುರುಡಿ ನೀರಿನಿಂದ ಪೂರಾ ಮೇಲೆದ್ದಿತು. ಬಾಯಿ ಅಗಲಿಸಿ ತಲೆ ಒದರುವಾಗ ಕಿವಿರಿನ ಮುಚ್ಚಳಗಳು ಪಟಪಟ ಬಡಿದುಕೊಂಡ ಸದ್ದು ದೋಣಿಯವರೆಗೆ ಕೇಳಿಸಿತು. ಇಂಥ ಹೊತ್ತಿನಲ್ಲಿ ರಾಡಿನ ತುದಿಯನ್ನು ನೀರಿನತ್ತ ತಗ್ಗಿಸಬೇಕು. ದಾರ ಸಡಿಲವಾದರೆ ಆ ಒದರಾಟಕ್ಕೆ ಗಾಳ ಕಳಚುತ್ತದೆ. ಗೆಳೆಯ ಹುಟ್ಟಿನಿಂದ ದೋಣಿಯನ್ನು ಹಿಂದಕ್ಕೆ ತಳ್ಳುತ್ತ ಮೀನನ್ನು ಬೇರುಗಳಿಂದ ತೆರೆದ ನೀರಿಗೆ ತರಿಸಿದ. ಒಬ್ಬ ರಾಡ್ ಹಿಡಿದಾಗ ಇನ್ನೊಬ್ಬ ದೋಣಿ ಹಿಡಿಯಬೇಕು. ಕಾಂಡ್ಲದ ನಡುವೆ ಒಬ್ಬನೇ ಹೋಗಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೀನು ಪಕ್ಕಕ್ಕೆ ಬಂದಾಗ ಗೆಳೆಯ ಮೊದಲು ಎರಡೂ ಕೈ ನೀರಿಗೆ ಅದ್ದಿಕೊಂಡ. ಒಣಗಿದ ಕೈ ಮೀನಿನ ಮೈಮೇಲಿನ ಲೋಳೆಯನ್ನು ಒರೆಸಿಹಾಕುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಒಂದು ಕೈಯಲ್ಲಿ ಕೆಳದವಡೆ, ಇನ್ನೊಂದು ಹೊಟ್ಟೆಯ ಅಡಿಗೆ. ದವಡೆ ಮಾತ್ರ ಹಿಡಿದು ನೇತಾಡಿಸಿದರೆ ದೊಡ್ಡ ಮೀನಿನ ತೂಕಕ್ಕೆ ಅದರ ಮೂಳೆಯ ಕೀಲಿಗೇ ಪೆಟ್ಟು. ಇಕ್ಕಳ ತಿರುಗಿಸಿದ, ಗಾಳ ಕಳಚಿ ಬಂತು. ರಾಡಿನ ಮೇಲೆ ಗುರುತು ಮಾಡಿದ ಅಳತೆಗೆ ಹಿಡಿದರೆ ಮೂರು ಅಡಿಯ ಸಮೀಪ. ಹೆಣ್ಣಾಗಿರಬಹುದು, ಅಥವಾ ಹೆಣ್ಣಾಗುವ ಹಾದಿಯಲ್ಲಿರಬಹುದು. ಆ ಮೀನಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯಿದೆ, ಗೆಳೆಯನಿಗೆ ಅದು ಚೆನ್ನಾಗಿ ಗೊತ್ತು. ಅವನು ಅದನ್ನು ಹರಿವಿಗೆ ಎದುರಾಗಿ ನೀರಿನಲ್ಲೇ ಹಿಡಿದುಕೊಂಡ, ಕಿವಿರುಗಳೊಳಗೆ ನೀರು ಹಾಯಲಿ ಎಂದು. ಬಾಲಕ್ಕೆ ಬಲ ಬಂದದ್ದು ಗೊತ್ತಾದ ಕೂಡಲೇ ಬೆರಳು ಸಡಿಲಿಸಿದ. ಮೀನು ನಮ್ಮಿಬ್ಬರ ಮುಖಕ್ಕೂ ನೀರು ಚಿಮ್ಮಿಸಿ ಹೋಯಿತು.

“ಮಳಿಗಾಲ್ದಂಗೆ ಮರಿ ಹಾಕ್ಲಿ” ಎಂದ ಗೆಳೆಯ.

ನೂರೈವತ್ತು ವರ್ಷ ಹಿಂದಿನ ಮಾತು

ಗಾಳದ ಬಗ್ಗೆ ಬರೆದ ಹಳೆಯ ಪುಸ್ತಕವೊಂದಕ್ಕೆ ನಮ್ಮ ಕರಾವಳಿಯ ನಂಟಿದೆ. ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಅವರ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಆಗ ಕುಂದಾಪುರವೂ ಅದೇ ಜಿಲ್ಲೆಯಲ್ಲಿತ್ತು. ಪುಸ್ತಕ ಬರೆಯುವುದಕ್ಕೂ ಮುಂಚೆ, 1870ರಲ್ಲಿ, ಅವರು ಈ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಮೀನಿನ ಮರಿಗಳನ್ನು ನಾಶಮಾಡಿದರೆ ಹೊಳೆ ಬರಿದಾಗುತ್ತದೆ ಎಂಬುದು ಅವರ ಕಳವಳ. ಹೊಳೆಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಅಪರಾಧವೆಂದಿತು. ಕಾನೂನು ಹಳೆಯದು, ಅದು ತಡೆಯಬೇಕಾದ ಕೆಲಸ ಇನ್ನೂ ಅಲ್ಲಲ್ಲಿ ನಡೆಯುತ್ತಲೇ ಇದೆ.

ಇವತ್ತಿನ ಕಳವಳ ಇನ್ನೂ ದೊಡ್ಡದು. ಅರಣ್ಯ ಸಮೀಕ್ಷೆಯ 2021ರ ವರದಿಯಂತೆ ದೇಶದಲ್ಲಿ 4,992 ಚದರ ಕಿಲೋಮೀಟರ್ ಕಾಂಡ್ಲವಿದೆ. ಸುಮಾರು 320 ಕಿಲೋಮೀಟರ್ ಕರಾವಳಿಯ ಕರ್ನಾಟಕದ ಪಾಲು ಬರೀ 13 ಚದರ ಕಿಲೋಮೀಟರ್. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಕಾಂಡ್ಲಕ್ಕೆ ಅತಿ ಹೆಚ್ಚಿನ ರಕ್ಷಣೆಯಿದೆ. 2024ರಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸಂತೋಷದ ಸುದ್ದಿ. ಆದರೂ ಕಾಂಡ್ಲ ಕಡಿದು ಮಣ್ಣು ತುಂಬಿದ, ಕಸ ಸುರಿದ ದಂಡೆಗಳು ನಮ್ಮ ಹೊಳೆಗಳುದ್ದಕ್ಕೂ ಕಾಣುತ್ತವೆ. ತೋಡಿನ ಬಾಯಿಗೆ ಮಣ್ಣು ಬಿದ್ದರೆ ಅದರ ಹಿಂದಿನ ಕಾಂಡ್ಲಕ್ಕೆ ಉಬ್ಬರದ ನೀರು ಬರುವುದಿಲ್ಲ, ಮರಿಮೀನಿಗೆ ಮನೆಯಿಲ್ಲ, ಕುರುಡಿಗೆ ಕಾಯುವ ಜಾಗವಿಲ್ಲ. ಉಪ್ಪುನೀರು ಗದ್ದೆಗೆ ಬಾರದಿರಲೆಂದು ಕಟ್ಟಿದ ಕಿಂಡಿ ಅಣೆಕಟ್ಟುಗಳು ರೈತರಿಗೆ ಬೇಕೇಬೇಕು. ಅವುಗಳಲ್ಲಿ ಮೀನು ಹತ್ತಿ ಇಳಿಯಲು ಒಂದು ದಾರಿ ಬಿಡುವುದು ಎಂಜಿನಿಯರುಗಳಿಗೆ ಅಸಾಧ್ಯವಾದ ಕೆಲಸವಲ್ಲ.

ಲೂರ್ ಹಾಕುವವರ ಸಂಖ್ಯೆ ಕರಾವಳಿಯಲ್ಲಿ ಬೆಳೆಯುತ್ತಿದೆ. ಬೆಂಗಳೂರಿನಿಂದ ರಜೆಗೆ ಬರುವ ಹುಡುಗರೂ ರಾಡ್ ಹಿಡಿದು ಬರುತ್ತಾರೆ. ನನಗೆ ಇದರಲ್ಲಿ ಭರವಸೆ ಕಾಣುತ್ತದೆ. ಎರೆಗೆ ಬರುವ ಮೀನನ್ನು ಎಲ್ಲಿ ಕೂತಾದರೂ ಹಿಡಿಯಬಹುದು. ಲೂರಿಗೆ ಮೀನು ಬೇಕಾದರೆ ತಿಥಿ, ಹರಿವು, ತೋಡು, ಬೇರು, ಮರಿಮೀನಿನ ಓಡಾಟ ಇವೆಲ್ಲ ತಿಳಿದಿರಲೇಬೇಕು. ಇಷ್ಟನ್ನು ಕಣ್ಣಾರೆ ಕಂಡು ತಿಳಿದವನು ಕಾಂಡ್ಲ ಕಡಿಯುವಾಗ ಸುಮ್ಮನಿರಲಾರ.

ಹೊಸದಾಗಿ ಶುರುಮಾಡುವವರಿಗೆ ನನ್ನ ಕೆಲವು ಮಾತು. ದುಬಾರಿ ಸಾಮಾನು ಬೇಡ, ಎರಡು ಮೂರು ಸಾವಿರ ರೂಪಾಯಿಯ ರಾಡ್ ಮತ್ತು ರೀಲ್, ನಾಲ್ಕಾರು ಲೂರ್ ಸಾಕು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಹೋಗಿ. ಮಳೆಗಾಲದಲ್ಲಿ ಅಳಿವೆಯ ಹತ್ತಿರ ಸುಳಿಯಬೇಡಿ. ದೋಣಿಯಲ್ಲಿ ಲೈಫ್ ಜಾಕೆಟ್ ಕಳಚಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಮೀನುಗಾರರು ಬಲೆ ಬಿಟ್ಟಲ್ಲಿ ಗಾಳ ಎಸೆಯಬೇಡಿ, ಅದು ಅವರ ಅನ್ನ. ಕೇಳಿದರೆ ಮೀನಿರುವ ಜಾಗವನ್ನು ಅವರೇ ತೋರಿಸುತ್ತಾರೆ. ಕಡಿದ ದಾರವನ್ನು ಕಾಂಡ್ಲದ ಮೇಲೆ ಬಿಟ್ಟು ಬರಬೇಡಿ, ಬೆಳ್ಳಕ್ಕಿ, ಮಿಂಚುಳ್ಳಿಗಳ ಕಾಲಿಗೆ ಅದೇ ಉರುಳು. ಊಟಕ್ಕೆ ಒಂದು ಮೀನು ಇಟ್ಟುಕೊಳ್ಳಿ. ತೀರ ಸಣ್ಣದನ್ನೂ ತೀರ ದೊಡ್ಡದನ್ನೂ ಬಿಟ್ಟುಬಿಡಿ. ನಿಮ್ಮೂರಿನ ತೋಡಿನ ಬಾಯಿಗೆ ಯಾರಾದರೂ ಮಣ್ಣು ಸುರಿಯುವುದು ಕಂಡರೆ ಪಂಚಾಯತಿಗೂ ಅರಣ್ಯ ಇಲಾಖೆಗೂ ಬರೆದು ತಿಳಿಸಿ.